ಎಡವುವ ಸಾಲು

ನಮ್ಮೂರಿನ ಬೀದಿರೈಲಿನ ಹಳಿಗಳು ದಿನಕ್ಕೊಂದು ದಾರಿ ಹಿಡಿಯುತ್ತವೆ. ನಿನ್ನೆ ಎಣ್ಣೆಗಾಣದ ಬೀದಿಯಲ್ಲಿ ಮೈಚಾಚಿಕೊಂಡಿದ್ದ ಹಳಿ ಇವತ್ತು ಬೆಳಕು ಹರಿಯುವ ಹೊತ್ತಿಗೆ ಕೆರೆದಂಡೆಯ ಮೇಲೆ ಇಬ್ಬನಿ ಹೊದ್ದು ಬಿದ್ದಿರುತ್ತದೆ. ನಾಳೆ ಎಲ್ಲಿರುತ್ತದೆಂದು ಹಳಿಗೂ ಗೊತ್ತಿರಲಾರದು. ಹೊಸದಾಗಿ ಬಂದವರು ಬೆರಗಾಗುತ್ತಾರೆ, ನಾವಾಗುವುದಿಲ್ಲ. ಹಳಿ ಬಂದ ಬೀದಿಯವರು ಅವತ್ತು ಬಾಗಿಲ ಮುಂದೆ ಒಂದು ಕೊಡ ನೀರು, ಒಂದು ಲೋಟ ಇಡುತ್ತಾರೆ. ರಂಗೋಲಿಯ ಅರ್ಧವನ್ನು ಹಳಿಯ ಈಚೆಗೂ ಉಳಿದರ್ಧವನ್ನು ಆಚೆಗೂ ಬಿಡಿಸುತ್ತಾರೆ. ಬೀಗರ ಮನೆಗೆ ಹೋಗಬೇಕಾದವರು ಹಳಿ ಆ ಕಡೆ ತಿರುಗುವ ದಿನಕ್ಕಾಗಿ ಕಾಯುತ್ತಾರೆ. ಹೋಗಲು ಮನಸ್ಸಿಲ್ಲದವರಿಗಂತೂ ಇದಕ್ಕಿಂತ ಒಳ್ಳೆಯ ನೆಪ ಬೇರೆ ಊರಿನಲ್ಲಿ ಸಿಗದು.

ತೊಂದರೆಯೆಲ್ಲ ಕಾರುಗಳದ್ದು. ನಮ್ಮ ರೈಲು ಬೆಕ್ಕಿನ ಹಾಗೆ ಸದ್ದಿಲ್ಲದೆ ಬರುತ್ತದೆ, ಬ್ರೇಕು ಹಿಡಿದ ಮೇಲೆ ಮೂವತ್ತು ಮಾರು ಹೋಗಿ ನಿಲ್ಲುತ್ತದೆ. ಕಾರಿನವರು ನಿನ್ನೆ ಇಲ್ಲದ ಹಳಿಯನ್ನು ಇವತ್ತು ನೆನಪಿಟ್ಟುಕೊಳ್ಳಬೇಕು. ಹಿಂದೊಮ್ಮೆ ವಾರ್ಡಿನವರು ಗೇಟು ಹಾಕಿಸಿದರಂತೆ. ಮರುದಿನ ಹಳಿ ಬೇರೆ ಬೀದಿಯಲ್ಲಿತ್ತು, ಗೇಟಿಗೆ ಯಾರೋ ಎಮ್ಮೆ ಕಟ್ಟಿದ್ದರು. ಬೋರ್ಡು ಬರೆಸಿದರೆ ಬಣ್ಣ ಒಣಗುವಷ್ಟರಲ್ಲಿ ದಿನ ಮುಗಿದಿರುತ್ತಿತ್ತು. ರೈಲಿಗೊಂದು ಗಂಟೆ ಇದೆ, ನಿಜ. ಆದರೆ ದೇವಸ್ಥಾನದ ಗಂಟೆ, ಐಸ್‌ಕ್ಯಾಂಡಿಯ ಗಂಟೆ, ಸೈಕಲ್ಲಿನ ಗಂಟೆ, ಸ್ಕೂಲಿನ ಗಂಟೆ ಇಷ್ಟೆಲ್ಲ ಇರುವಲ್ಲಿ ಇನ್ನೊಂದನ್ನು ಬಾರಿಸಿದರೆ ಜನ ಕೈಮುಗಿಯುತ್ತಾರೆಯೇ ಹೊರತು ದಾರಿ ಬಿಡುವುದಿಲ್ಲ. ಕೊನೆಗೆ ಉಳಿದದ್ದು ಪದ್ಯ. ಪದ್ಯವಾದರೆ ನಮ್ಮೂರಿನವರು ಒಂದು ಸಲ ಕೇಳಿದರೆ ಸಾಕು, ಸಂಜೆಯವರೆಗೆ ಬಾಯಿಂದ ಇಳಿಸುವುದಿಲ್ಲ.

ಹಾಗಾಗಿ ದಿನಾ ಬೆಳಗ್ಗೆ ಹಳಿಪದ್ಯ. ಆರು ಸಾಲಿನ ಷಟ್ಪದಿ. ಅವತ್ತು ಹಳಿ ಹಾಯುವ ಬೀದಿಗಳು ಅದರೊಳಗೆ ಒಂದಾದ ಮೇಲೊಂದು ಬರುತ್ತವೆ. ಆರೂವರೆಗೆ ವಾರ್ಡ್ ಆಫೀಸಿನ ಮೆಟ್ಟಿಲ ಮೇಲೆ ನಿಂತು, ಪದ್ಯ ಕಟ್ಟುವ ಅಶ್ವತ್ಥಮ್ಮನವರು ಹೇಳುತ್ತಿದ್ದರು. ಕೆಳಗೆ ನಲವತ್ತು ಜನ ಟ್ಯಾಕ್ಸಿಯವರು ಟೀ ಲೋಟ ಹಿಡಿದುಕೊಂಡೇ ಮೂರು ಸಲ ಒಪ್ಪಿಸುತ್ತಿದ್ದರು. ಅವರ ಬಾಯಿಂದ ಅದು ಹಾಲಿನವರಿಗೆ, ಸೊಪ್ಪಿನವರಿಗೆ, ಸ್ವಂತ ಕಾರಿಟ್ಟ ಡಾಕ್ಟರಿಗೆ, ವಕೀಲರಿಗೆ ದಾಟಿ ಎಂಟು ಗಂಟೆಗೆಲ್ಲ ಊರಿಗೆ ಊರೇ ಗುನುಗುತ್ತಿತ್ತು. ಸ್ಟೀರಿಂಗ್ ಹಿಡಿದವರು ದಿನವಿಡೀ ಅದನ್ನೇ ಸುತ್ತಿ ಸುತ್ತಿ ಹೇಳುತ್ತಿರಬೇಕೆಂದು ಕಾನೂನು. ಕಾನೂನಿಲ್ಲದಿದ್ದರೂ ಹೇಳುತ್ತಿದ್ದರು.

ನನ್ನ ಕೆಲಸ ಅದಕ್ಕೂ ಮೊದಲಿನದು. ಮಿಂದು, ವಿಭೂತಿ ಹಚ್ಚಿ, ಬೆಳ್ಳಿ ಮೂಡುವಾಗ ಹೊರಟು ಆವತ್ತಿನ ಹಳಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದು ಬರುವುದು. ಹತ್ತೊಂಬತ್ತು ವರ್ಷದಿಂದ ಇದೇ ಮಾಡಿದ್ದೇನೆ. ಮುಗಿಸಿ ನೇರ ಅಶ್ವತ್ಥಮ್ಮನವರ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೀದಿಗಳ ಹೆಸರು ಹೇಳುತ್ತೇನೆ. ಅವರು ಈಳಿಗೆಮಣೆಯ ಮೇಲೆ ಕಾಯಿ ತುರಿಯುತ್ತ ಕೇಳುತ್ತಾರೆ. ಹೋಳು ಬರಿದಾಗುವಷ್ಟರಲ್ಲಿ ಪದ್ಯ ಸಿದ್ಧ. ನಾನು ಮಾತಿನವನಲ್ಲ, ಕೇಳುವವನು. ಮಠದ ಜಗಲಿಯಲ್ಲಿ ಅಜ್ಜ ಕಾವ್ಯ ಓದುತ್ತಿದ್ದರೆ ಕಂಬಕ್ಕೊರಗಿ ಕೈಮುಗಿದು ಕೇಳಿಯೇ ದೊಡ್ಡವನಾದೆ. ಲಯ ಸರಿಯಿದ್ದರೆ ದೇವರು ಬಂದು ಕೂರುತ್ತಾನೆ, ತಪ್ಪಿದರೆ ಎದ್ದು ಹೋಗುತ್ತಾನೆ ಎಂದು ಅಜ್ಜ ನಂಬಿದ್ದರು. ನಾನೂ ನಂಬಿದೆ.

ಅದಕ್ಕೇ ಒಂದು ಸಂಗತಿ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಅಶ್ವತ್ಥಮ್ಮನವರ ಪದ್ಯದಲ್ಲಿ ದಿನಾ ಒಂದೋ ಎರಡೋ ಸಾಲು ಎಡವುತ್ತಿದ್ದವು. ನೀರು ಹರಿದ ಹಾಗೆ ಬರುತ್ತಿದ್ದ ಪದ್ಯ ಇದ್ದಕ್ಕಿದ್ದಂತೆ "ಸಂತೆಮಾಳದ ಮೂಲೆ ಕೂಡುದಾರಿ" ಎಂದು ಎರಡು ಮಾತ್ರೆ ಹೆಚ್ಚಾಗಿ ಕಾಲು ತೊಡರಿ ನಿಲ್ಲುತ್ತಿತ್ತು. ಕೆಳಗೆ ಒಪ್ಪಿಸುವ ನಲವತ್ತು ಜನರೂ ಅಲ್ಲಿ ಒಟ್ಟಿಗೇ ಮುಗ್ಗರಿಸಿ, ತಲೆಯೆತ್ತಿ ನೋಡಿ, ಮತ್ತೆ ಮುಂದುವರಿಯುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ಪಾಪ, ವಯಸ್ಸಾಗಿದೆ, ಕಾಯಿ ತುರಿಯುವ ಅವಸರ ಬೇರೆ, ಎಂದು ಅವರ ಪರವಾಗಿ ನಾನೇ ನಾಚಿಕೊಳ್ಳುತ್ತಿದ್ದೆ. ಬಾಯಿಬಿಟ್ಟು ಮಾತ್ರ ಒಂದು ದಿನವೂ ಹೇಳಲಿಲ್ಲ.

ಮಾಘ ಮಾಸದಲ್ಲಿ ಅಶ್ವತ್ಥಮ್ಮನವರು ಉಳಿದಿದ್ದ ಹಲ್ಲುಗಳನ್ನೆಲ್ಲ ಒಂದೇ ಸಲ ಕೀಳಿಸಿಕೊಂಡರು. ಹೊಸ ಸೆಟ್ಟು ಬರುವವರೆಗೆ ಎರಡು ವಾರ ಮಾತಾಡಬಾರದೆಂದು ಹಲ್ಲಿನ ಡಾಕ್ಟರು ಕಟ್ಟಪ್ಪಣೆ ಮಾಡಿದರು. ಬಾಯಿ ತುಂಬ ಹತ್ತಿ ಇಟ್ಟುಕೊಂಡು, ಮೊಮ್ಮಗಳ ಸ್ಲೇಟನ್ನು ಮಡಿಲಲ್ಲಿ ಹಿಡಿದು ಕೂತ ಅವರ ಮುಂದೆ ನಾನು ಎಂದಿನಂತೆ ಬೀದಿಗಳ ಹೆಸರು ಹೇಳಿದೆ. ಅವರು ಬಳಪದಲ್ಲಿ ಬರೆದರು: "ನೀನೇ ಕಟ್ಟು. ನೀನೇ ಹೇಳು."

ನನ್ನಿಂದಾಗದು ಎಂದೆ. ಆದರೆ ಸುಳ್ಳೇಕೆ ಹೇಳಲಿ, ಎದೆಯ ಮೂಲೆಯಲ್ಲಿ ಒಂದು ಸಣ್ಣ ದೀಪವೂ ಹತ್ತಿತು. ಕೇಳಿ ಕೇಳಿ ತುಂಬಿದ್ದೆ. ಅವತ್ತು ಮೆಟ್ಟಿಲ ಮೇಲೆ ನಿಂತು ಕಣ್ಣು ಮುಚ್ಚಿ ಹೇಳಿದಾಗ ಒಂದು ಮಾತ್ರೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ, ಆರು ಸಾಲಿನಲ್ಲೂ ಪ್ರಾಸ ಗೆರೆ ಕೊರೆದ ಹಾಗೆ ಕೂತಿತ್ತು. ಕಣ್ಣು ಬಿಟ್ಟರೆ ಟ್ಯಾಕ್ಸಿಯವರೆಲ್ಲ ತೂಗುತ್ತಿದ್ದಾರೆ.

"ಸಾಂಬಯ್ಯನೋರೇ, ಇಷ್ಟು ದಿನ ಇದನ್ನೆಲ್ಲಿ ಬಚ್ಚಿಟ್ಟಿದ್ರಿ?" ಎಂದು ಬೋರೇಶ ಕೇಳಿದ. ಹಸಿರು ಟ್ಯಾಕ್ಸಿಯ ಬೋರೇಶ ಎಂದರೆ ನಮ್ಮ ಟ್ಯಾಕ್ಸಿಯವರಲ್ಲೆಲ್ಲ ಒಳ್ಳೆಯ ಕಂಠ. ಅವನ ಗಾಡಿಗೆ ಹತ್ತುವವರಲ್ಲಿ ಅರ್ಧ ಜನ ಹಾಡು ಕೇಳಲಿಕ್ಕೇ ಹತ್ತುತ್ತಾರೆ. "ಇನ್ನೊಂದ್ಸಲ ಹೇಳಿ. ಮೂರು ಸಲ ಸಾಲಲ್ಲ."

"ಮೂರೇ ಸಲ ಕಣೋ ಕಾನೂನು."

"ಕಾನೂನಿಗೆ ಮೂರು, ನಮ್ಮ ಆಸೆಗೆ ಎರಡು."

ಹೀಗೆ ಐದು ದಿನ ನಡೆಯಿತು. ಎರಡನೆಯ ದಿನ ವಕೀಲರ ಕಾರಿನ ಕನ್ನಡಿಯನ್ನು ರೈಲು ಸವರಿಕೊಂಡು ಹೋಯಿತಂತೆ. "ನಿಮ್ಮ ಪದ್ಯದ ಗುಂಗಿನಲ್ಲಿದ್ದೆ ಸ್ವಾಮಿ" ಎಂದು ವಕೀಲರು ದೇವಸ್ಥಾನದಲ್ಲಿ ಸಿಕ್ಕಿ ನನ್ನ ಕೈಕುಲುಕಿದರು. ನಾಲ್ಕನೆಯ ದಿನ ಹಾಲಿನ ವ್ಯಾನು ಹಳಿಯ ಮೇಲೆ ಹೋಗಿ ಕೂದಲೆಳೆಯಲ್ಲಿ ಉಳಿಯಿತು. ಆ ಡ್ರೈವರೂ ಹೊಗಳಿದ. ನಾನು ಹೊಗಳಿಕೆಯನ್ನು ಮನೆಗೆ ತಂದೆ, ಕನ್ನಡಿಯನ್ನೂ ವ್ಯಾನನ್ನೂ ಅಲ್ಲೇ ಬಿಟ್ಟೆ. ಅಶ್ವತ್ಥಮ್ಮನವರಿಗೆ ದಿನಾ ಪದ್ಯ ಒಪ್ಪಿಸುತ್ತಿದ್ದೆ. ಅವರು ಸ್ಲೇಟಿನ ಮೇಲೆ "ನನಗಿಂತ ಚೆನ್ನ" ಎಂದು ಬರೆದು, ಅಡಿಗೆರೆ ಎಳೆದು, ಹತ್ತಿಯ ನಡುವೆ ನಕ್ಕರು.

ಐದನೆಯ ದಿನದ ಪದ್ಯ ನನಗೆ ಇವತ್ತಿಗೂ ಬಾಯಲ್ಲಿದೆ: "ಎಣ್ಣೆಗಾಣದ ಬೀದಿ ಬಳಸುತ, ಬಣ್ಣಗಾರರ ಕೇರಿ ಹಾಯುತ, ತಣ್ಣಗೊರಗಿಹ ಕೆರೆಯ ದಂಡೆಯ ಮೂಲೆಯಲಿ ತಿರುಗಿ, ಹಣ್ಣಿನಂಗಡಿ ಮುಂದೆ ಹೊರಳುತ, ಕಣ್ಣ ವೈದ್ಯರ ಮನೆಯ ಹಿಂದಕೆ, ಮಣ್ಣ ಗಡಿಗೆಯ ಸಂತೆ ದಾಟುತ ಮರಳಿ ಗೂಡಿಂಗೆ." ಟ್ಯಾಕ್ಸಿಯವರು ಏಳು ಸಲ ಹೇಳಿಸಿದರು.

ಒಂಬತ್ತು ಗಂಟೆಗೆ ಹಣ್ಣಿನಂಗಡಿಯ ಮುಂದೆ ರೈಲು ಬೋರೇಶನ ಟ್ಯಾಕ್ಸಿಗೆ ಹೊಡೆಯಿತು. ಟ್ಯಾಕ್ಸಿಯ ತಲೆಯ ಮೇಲೆ ಎರಡು ಮೂಟೆ ಮಂಡಕ್ಕಿ ಇತ್ತು. ನಾನು ಓಡಿ ಹೋದಾಗ ಬೀದಿಯೆಲ್ಲ ಬಿಳಿ. ಕೋಳಿಗಳು ಊರಿನ ನಾಲ್ಕೂ ಕಡೆಯಿಂದ ಬರುತ್ತಿದ್ದವು. ಟ್ಯಾಕ್ಸಿ ಒಂದು ಮಗ್ಗುಲು ನಜ್ಜುಗುಜ್ಜಾಗಿ ಕಿತ್ತಳೆಹಣ್ಣಿನ ಬುಟ್ಟಿಗಳ ನಡುವೆ ಕೂತಿತ್ತು. ಬೋರೇಶನನ್ನು ಆಗಲೇ ಕರೆದೊಯ್ದಿದ್ದರು. ಸೀಟಿನ ಮೇಲಿನ ರಕ್ತಕ್ಕೆ ಮಂಡಕ್ಕಿ ಅಂಟಿಕೊಂಡಿತ್ತು. ಅದನ್ನು ನೋಡಿದ ಮೇಲೆ ನನಗೆ ಕೋಳಿಗಳ ಕಡೆ ನೋಡಲಾಗಲಿಲ್ಲ.

ಆಸ್ಪತ್ರೆಯಲ್ಲಿ ಬೋರೇಶ ಹಣೆಗೆ ಆರು ಹೊಲಿಗೆ ಹಾಕಿಸಿಕೊಂಡು ದಿಂಬಿಗೊರಗಿದ್ದ. ಎಡಗೈ ಮಣಿಕಟ್ಟಿಗೆ ಬ್ಯಾಂಡೇಜು. ಇನ್ನೊಂದು ಅಂಗುಲ ಈಚೆಯಾಗಿದ್ದರೆ ಕಣ್ಣು ಹೋಗುತ್ತಿತ್ತು, ಎರಡಂಗುಲವಾಗಿದ್ದರೆ ಬೋರೇಶನೇ, ಎಂದು ನರ್ಸು ಹೇಳಿದಳು. ಅವನು ಮಾತ್ರ ನನ್ನನ್ನು ಕಂಡೊಡನೆ ಮುಖ ಅರಳಿಸಿದ.

"ನಿಮ್ಮ ತಪ್ಪಿಲ್ಲ ಸಾಂಬಯ್ಯನೋರೇ. ಪದ್ಯ ಎಷ್ಟು ಚೆನ್ನಾಗಿತ್ತು ಅಂದ್ರೆ, ಎಲ್ಲೂ ಕಾಲೂರೋಕೇ ಬಿಡ್ಲಿಲ್ಲ. ನಾನು ಹಣ್ಣಿನಂಗಡಿ ಹತ್ರ ಬರೋ ಹೊತ್ತಿಗೆ ಬಾಯಲ್ಲಿ ಗೂಡಿಗೆ ಮರಳಿಬಿಟ್ಟಿದ್ದೆ."

"ಮೊದಲು ಹೀಗಾಗ್ತಿರಲಿಲ್ವಲ್ಲೋ."

"ಮೊದಲು ಅಮ್ಮನೋರ ಸಾಲು ಬರ್ತಿತ್ತಲ್ಲ, ತೊಡರಿಕೊಳ್ಳೋದು. ಅಲ್ಲಿ ಒಂದು ಕ್ಷಣ ಬಾಯಿ ನಿಂತುಬಿಡೋದು. ಬಾಯಿ ನಿಂತ್ರೆ ಕಾಲೂ ಬ್ರೇಕಿನ ಮೇಲೆ ಹೋಗೋದು. ಕಣ್ಣು ತಾನಾಗೇ ಅತ್ತಿತ್ತ ನೋಡೋದು." ಎಂದು ಅವನು ನಗಲು ಹೋಗಿ ಹೊಲಿಗೆ ಎಳೆದು ನಿಲ್ಲಿಸಿದ. "ನಿಮ್ಮದರಲ್ಲಿ ಆ ಕಾಟ ಇಲ್ಲ."

ನಾನು ಹೊರಗೆ ಬಂದು ಆಸ್ಪತ್ರೆಯ ಬೇವಿನಮರದ ಕೆಳಗೆ ಕೂತೆ. ಹತ್ತೊಂಬತ್ತು ವರ್ಷದ ಹಳಿಪದ್ಯಗಳೆಲ್ಲ ನನ್ನ ತಲೆಯಲ್ಲಿವೆ. ಕೇಳಿದ್ದನ್ನು ಮರೆಯುವುದು ನನ್ನ ಜಾಯಮಾನವಲ್ಲ. ಒಂದೊಂದನ್ನೇ ತೆಗೆದು ನೋಡಿದೆ. ಎಡವಿದ ಸಾಲುಗಳೆಲ್ಲ ಹಳಿ ಕಾರಿನ ರಸ್ತೆಗೆ ಅಡ್ಡ ಬರುವ ಜಾಗಗಳೇ. ತೋಟ, ಕೆರೆದಂಡೆ, ಓಣಿ ಇದ್ದಲ್ಲಿ ಲಯ ತಪ್ಪಿದ್ದು ಒಂದೂ ಸಿಗಲಿಲ್ಲ. ನಾನು ನಾಚಿಕೊಂಡದ್ದೆಲ್ಲ ಎಲ್ಲೋ, ನಾಚಿಕೊಳ್ಳಬೇಕಾದದ್ದು ಎಲ್ಲೋ.

ಅಷ್ಟರಲ್ಲಿ ಜೈಬುನ್ನಿಸಾ ಬಂದಳು. ಊರೆಲ್ಲ ಜೈಬಕ್ಕ ಎನ್ನುವ ಅವಳು ಇಪ್ಪತ್ತೆರಡು ವರ್ಷದಿಂದ ರೈಲು ನಡೆಸುವವಳು, ಆ ವಾರದವರೆಗೆ ಒಂದು ಕೋಳಿಯನ್ನೂ ಮುಟ್ಟಿಸಿದವಳಲ್ಲ. ಕೈಯಲ್ಲಿ ಕರವಸ್ತ್ರ ಸುತ್ತಿದ ಹಿತ್ತಾಳೆಯ ಹಿಡಿ ಇತ್ತು. ಆ ಹಿಡಿ ತಿರುಗಿಸದಿದ್ದರೆ ರೈಲು ಹೊರಡುವುದಿಲ್ಲ. ಡಿಕ್ಕಿಯಾದರೆ ನಡೆಸುವವರು ಹಿಡಿಯನ್ನು ವಾರ್ಡ್ ಆಫೀಸಿಗೆ ಒಪ್ಪಿಸಬೇಕು; ವಿಚಾರಣೆಯಲ್ಲಿ ತಪ್ಪಿಲ್ಲವೆಂದಾಗದಿದ್ದರೆ ಅದು ಮತ್ತೆ ಅವರ ಕೈಗೆ ಬರುವುದಿಲ್ಲ.

"ಗಂಟೆ ಹೊಡೆದೆ ಸಾಂಬಯ್ಯ" ಎಂದಳು. "ಒಂದಲ್ಲ, ಎಂಟು ಸಲ. ಬೋರೇಶ ನನ್ನ ಕಡೆ ತಿರುಗಿ ನಕ್ಕ. ಪದ್ಯ ಹೇಳ್ತಾನೇ ನಕ್ಕ. ನಾನು ತಾಳ ಹಾಕ್ತಿದೀನಿ ಅನ್ಕೊಂಡ."

"ಜೈಬಕ್ಕ, ತಪ್ಪು ನಂದು."

"ನಿಂದು ಹೇಗೆ? ನಿನ್ನ ಪದ್ಯ ನನ್ನ ಬಾಯಲ್ಲೂ ಇತ್ತು. ನಾನೇ ಎರಡು ಕ್ಷಣ ತಡವಾಗಿ ಬ್ರೇಕು ಹಿಡಿದೆ." ಅವಳು ಹಿಡಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. "ಇದು ಹೋದ್ರೆ ನಾನು ಮನೇಲಿ ಏನ್ ಮಾಡ್ಲಿ? ರೊಟ್ಟಿ ತಿರುವಿ ಹಾಕೋದ್ರಲ್ಲಿ ಏನಿದೆ ತಿರುಗಿಸೋದು?"

ವಿಚಾರಣೆ ಎರಡು ದಿನ ಬಿಟ್ಟು. ಅಲ್ಲಿಯವರೆಗೆ ಇನ್ನೊಬ್ಬರು ಆಫೀಸಿನಿಂದ ಹಿಡಿ ಪಡೆದು ರೈಲು ನಡೆಸಿದರು, ಕಾರಿನವರು ಭಯಕ್ಕೆ ಎತ್ತಿನಗಾಡಿಯ ಹಾಗೆ ಹೋದರು. ವಾರ್ಡ್ ಆಫೀಸಿನ ಹಾಲಿನಲ್ಲಿ ಜನ ಕಿಕ್ಕಿರಿದಿದ್ದರು. ಅಧ್ಯಕ್ಷರು ದಪ್ಪ ಕನ್ನಡಕದವರು, ನ್ಯಾಯವಂತರು, ಸ್ವಲ್ಪ ಅವಸರದವರು. ಹಿಡಿ ಅವರ ಮೇಜಿನ ಮೇಲಿತ್ತು. ಗಂಟೆ ಹೊಡೆದದ್ದನ್ನು ಎಲ್ಲರೂ ಒಪ್ಪಿದರು. ಪದ್ಯದಲ್ಲಿ ಹಣ್ಣಿನಂಗಡಿ ಇದ್ದದ್ದನ್ನೂ ಒಪ್ಪಿದರು. "ಪದ್ಯ ಸರಿ, ಹಳಿ ಸರಿ, ಟ್ಯಾಕ್ಸಿಯವನು ಪದ್ಯ ಹೇಳ್ತಿದ್ದದ್ದೂ ಸರಿ. ಉಳಿದದ್ದು ಬ್ರೇಕು" ಎಂದು ಅಧ್ಯಕ್ಷರು ಪೆನ್ನು ತೆಗೆದರು. ಜೈಬಕ್ಕ ಹಿಡಿಯನ್ನೇ ನೋಡುತ್ತಿದ್ದಳು.

ನಾನು ಎದ್ದು ನಿಂತೆ. ಸಭೆಯಲ್ಲಿ ಎದ್ದು ಮಾತಾಡಿದ್ದು ಜೀವಮಾನದಲ್ಲಿ ಅದೇ ಮೊದಲು. "ಪದ್ಯ ಸರಿಯಿಲ್ಲ" ಎಂದೆ.

ಹಾಲಿನಲ್ಲಿ ಗುಜುಗುಜು. "ಅಂಥ ಪದ್ಯ ನಾವು ಕೇಳೇ ಇಲ್ಲ" ಎಂದು ವಕೀಲರು ಹಿಂದಿನಿಂದ ಹೇಳಿದರು.

"ಅದೇ ಸ್ವಾಮಿ. ತುಂಬ ಚೆನ್ನಾಗಿದೆ. ಅದೇ ತಪ್ಪು."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. "ಚೆನ್ನಾಗಿರೋದನ್ನ ತಪ್ಪು ಅಂತ ಯಾವ ಕಲಮಿನಲ್ಲಿ ಬರೀಲಿ ಸಾಂಬಯ್ಯ?"

ಆಗ ಆಫೀಸಿನ ಜವಾನ ಮುದ್ದಯ್ಯ ಜಗ್ಗಿನಲ್ಲಿ ಕಾಫಿ ತಂದು ಅಧ್ಯಕ್ಷರ ಲೋಟಕ್ಕೆ ಬಗ್ಗಿಸಲು ಬಾಗಿದ. ನನಗೆ ಹೇಗೆ ಹೊಳೆಯಿತೋ, "ಮುದ್ದಯ್ಯ, ಬಗ್ಗಿಸ್ತಾ ಬಗ್ಗಿಸ್ತಾ ಐದನೇ ದಿನದ ಪದ್ಯ ಹೇಳಪ್ಪ" ಎಂದೆ. ಅವನಿಗೆ ಇದಕ್ಕಿಂತ ಬೇಕೇ. ಎಣ್ಣೆಗಾಣದಿಂದ ಎತ್ತಿಕೊಂಡ. ಬಣ್ಣಗಾರರ ಕೇರಿಯಲ್ಲಿ ಲೋಟ ಅರ್ಧವಾಯಿತು, ಕೆರೆಯ ಮೂಲೆಯಲ್ಲಿ ತುಂಬಿತು, ಹಣ್ಣಿನಂಗಡಿಯ ಮುಂದೆ ಕಾಫಿ ಮೇಜಿನ ಮೇಲೆ ಹೊರಳಿತು. "ಮರಳಿ ಗೂಡಿಂಗೆ" ಎನ್ನುವಾಗ ಅದು ಅಧ್ಯಕ್ಷರ ಪಂಚೆಯಲ್ಲಿತ್ತು. ಸೋಜಿಗವೆಂದರೆ ಅಧ್ಯಕ್ಷರೂ ಕಣ್ಣು ಅರೆಮುಚ್ಚಿ ತೂಗುತ್ತಿದ್ದರು. ಬಿಸಿ ತಾಗಿದ ಮೇಲೆಯೇ ಅವರು ಎದ್ದದ್ದು.

"ಇನ್ನೊಂದು ಲೋಟ" ಎಂದೆ. "ಈಗ ಅಶ್ವತ್ಥಮ್ಮನೋರ ಸಂತೆಮಾಳದ ಪದ್ಯ."

ಮುದ್ದಯ್ಯ ಬಗ್ಗಿಸಿದ. ಎರಡು ಸಾಲು ನಿರಾಳವಾಗಿ ಬಂತು. "ಸಂತೆಮಾಳದ ಮೂಲೆ ಕೂಡುದಾರಿ" ಎನ್ನುವಲ್ಲಿ ಅವನ ನಾಲಗೆ ತೊಡರಿತು, ಕೈ ನಿಂತಿತು, ಕಣ್ಣು ಲೋಟಕ್ಕೆ ಹೋಯಿತು. ಲೋಟ ಕಂಠದವರೆಗೆ ತುಂಬಿತ್ತು, ಒಂದು ಹನಿ ಚೆಲ್ಲಿರಲಿಲ್ಲ. ಸಭೆಯಲ್ಲಿ ಕೂತ ಕಾರಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಧ್ಯಕ್ಷರು ಒದ್ದೆ ಪಂಚೆಯನ್ನು ಮೈಯಿಂದ ಎತ್ತಿ ಹಿಡಿದುಕೊಂಡೇ ತೀರ್ಪು ಹೇಳಿದರು. "ಜೈಬುನ್ನಿಸಾ ಅವರದ್ದು ತಪ್ಪಲ್ಲ. ಆದರೆ ಈ ಪದ್ಯ ಇಟ್ಕೊಂಡು ರೈಲು ಬಿಡೋಕಾಗಲ್ಲ. ಅಶ್ವತ್ಥಮ್ಮನೋರಿಗೆ ಹಲ್ಲು ಬರೋವರೆಗೆ ದಿನಾ ಬೆಳಗ್ಗೆ ಪದ್ಯ ಮೊದಲು ಮುದ್ದಯ್ಯನ ಕಾಫಿ ಮುಂದೆ. ಕಾಫಿ ಚೆಲ್ಲದಿದ್ರೆ ಹಿಡಿ ನಿಮಗೆ. ಚೆಲ್ಲಿದ್ರೆ ಅವತ್ತು ರೈಲಿಲ್ಲ, ಹಿಡಿ ಇಲ್ಲೇ ಇರುತ್ತೆ."

"ಹಲ್ಲು ಯಾವತ್ತು ಬರುತ್ತಂತೆ?" ಎಂದು ಜೈಬಕ್ಕ ನನ್ನ ಕಿವಿಯಲ್ಲಿ ಕೇಳಿದಳು.

"ಇನ್ನೊಂದು ವಾರ."

"ಹಾಗಾದ್ರೆ ನಾಳೆ ಸರಿಯಾಗಿ ತಪ್ಪಾಗಿ ಬರಿ ಮಾರಾಯ."

ಅದು ನಾನೆಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮರುದಿನ ಕೂಡುದಾರಿ ಬರುವ ಸಾಲಿಗೆ ಬೇಕೆಂದೇ ಎರಡು ಮಾತ್ರೆ ಸೇರಿಸಿದೆ. ಸೇರಿಸುವಾಗ ದೇವರ ಮುಂದಿನ ಹೂವನ್ನು ತುಳಿದ ಹಾಗಾಯಿತು. ಮುದ್ದಯ್ಯ ಹೇಳುತ್ತ ಹೋದ. ಆ ಸಾಲು ಬಂದಾಗ ಒಂದು ಅಕ್ಷರವನ್ನು ನುಂಗಿ, ಒಂದನ್ನು ಎಳೆದು, ಚಂದವಾ-ಗಿ ದಾಟಿಸಿಕೊಂಡು ಹೋಗಿಬಿಟ್ಟ. ಕಾಫಿ ನೆಲಕ್ಕೆ ಹರಿಯಿತು. "ತಪ್ಪಿನಲ್ಲೂ ಏನು ಸೊಗಸು" ಎಂದು ಒಬ್ಬ ಟ್ಯಾಕ್ಸಿಯವನು ತಲೆದೂಗಿದ. ಅವನ ಬಾಯಿಗೆ ಹತ್ತಿ ತುರುಕಬೇಕೆನಿಸಿತು. ಅವತ್ತು ರೈಲು ಹೊರಡಲಿಲ್ಲ. ಜೈಬಕ್ಕ ಖಾಲಿ ರೈಲಿನ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಕಾಯಿಯನ್ನು ಇನ್ನೂ ಜೋರಾಗಿ ಒಡೆದಳು.

ನಾನು ಅಶ್ವತ್ಥಮ್ಮನವರ ಹೊಸ್ತಿಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೋರೇಶನ ಹೊಲಿಗೆ, ಕಾಫಿ, ಅವರ ಎಡವುವ ಸಾಲಿನ ಮಹಿಮೆ. "ನಿಮ್ಮ ಹಾಗೆ ಎಡವಿಸೋದು ಹೇಗೆ ಅಂತ ಕಲಿಸಿಕೊಡಿ" ಎಂದೆ.

ಅವರ ಮುಖ ಕೆಂಪಾಯಿತು. ಸ್ಲೇಟು ಎಳೆದುಕೊಂಡು ಬಳಪ ಕಿರ್ರೆನ್ನುವ ಹಾಗೆ ಬರೆದರು: "ನನ್ನ ಸಾಲು ಎಡವುತ್ತಿತ್ತೆ?"

ಅವರು ಒರೆಸಿ ಮತ್ತೆ ಬರೆದರು: "ಹತ್ತೊಂಬತ್ತು ವರ್ಷ ಯಾಕೆ ಹೇಳಲಿಲ್ಲ?"

"ಬೇಕು ಅಂತ ಮಾಡಿದ್ದು ಅಲ್ವೆ ಹಾಗಾದ್ರೆ?"

ಅವರು ಬಹಳ ಹೊತ್ತು ಸ್ಲೇಟನ್ನು ಸೆರಗಿನಿಂದ ಒರೆಸುತ್ತ ಕೂತರು. ಒರೆಸಲು ಅಲ್ಲಿ ಏನೂ ಉಳಿದಿರಲಿಲ್ಲ. ಆಮೇಲೆ ನಿಧಾನವಾಗಿ ಬರೆದರು: "ಕೂಡುದಾರಿಗೆ ಬಂದಾಗ ಎದೆ ಹೊಡೆದುಕೊಳ್ಳುತ್ತೆ. ಯಾರೋ ಬರುತ್ತಿರುತ್ತಾರೆ ಅನಿಸುತ್ತೆ. ಎಣಿಕೆ ಎಲ್ಲಿ ನೆನಪಿರುತ್ತೆ?"

ಹಣ್ಣಿನಂಗಡಿಯ ಸಾಲು ಕಟ್ಟುವಾಗ ನನ್ನೆದೆಯಲ್ಲಿ ಏನಿತ್ತು ಎಂದು ಕೇಳಿಕೊಂಡೆ. ಪ್ರಾಸ ಇತ್ತು. ಹಣ್ಣಿಗೆ ಕಣ್ಣು, ಕಣ್ಣಿಗೆ ಮಣ್ಣು. ಅಂಗಡಿ ಇತ್ತು, ಹಣ್ಣಿತ್ತು, ಒಬ್ಬ ಮನುಷ್ಯನೂ ಇರಲಿಲ್ಲ.

"ಲಯ ತಪ್ಪಿದ್ರೆ ದೇವರು ಎದ್ದು ಹೋಗ್ತಾನೆ ಅಂತಿದ್ರು ನಮ್ಮಜ್ಜ" ಎಂದೆ.

ಅಶ್ವತ್ಥಮ್ಮನವರು ಬರೆದರು: "ಎದ್ದು ಹೋಗೋನೂ ರಸ್ತೆ ದಾಟಬೇಕಲ್ಲ."

ಮರುದಿನ ಬೆಳಗ್ಗೆ ಹಳಿ ಹುಲ್ಲುಪೇಟೆಯ ಕಡೆ ಹೊರಟಿತ್ತು. ಕಲ್ಲುಕಟ್ಟೆಯ ಬಾವಿ, ಮಲ್ಲಿಗೆ ತೋಟ ದಾಟಿ ನಾಲ್ಕು ದಾರಿ ಕೂಡುವಲ್ಲಿಗೆ ಬಂದಾಗ ನಾನು ಎಂದಿನಂತೆ ಹೆಸರು ಗುರುತಿಟ್ಟುಕೊಂಡು ಮುಂದೆ ಹೋಗಲಿಲ್ಲ. ಹುಲ್ಲಿನ ಹೊರೆಯ ಮೇಲೆ ಕೂತೆ. ಹಳಿಯ ಪಕ್ಕದಲ್ಲಿ ನಿನ್ನೆಯ ಟೈರುಗಳ ಗುರುತು ನಾಲ್ಕು ಕಡೆಗೂ ಹೋಗಿತ್ತು. ಬಳೆ ಮಾರುವವಳು ಮಲಾರ ಹೆಗಲಿಗೇರಿಸಿ ಹಳಿಯ ಮೇಲೆಯೇ ನಿಂತು ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಂಡಳು. ಎಂಟು ಗಂಟೆಗೆ ಡಾಕ್ಟರು ಇಲ್ಲೇ ಬರುತ್ತಾರೆ, ಹೆರಿಗೆ ಎಂದರೆ ಹಾರಿಸಿಕೊಂಡು ಬರುತ್ತಾರೆ. ಬೋರೇಶ ತಲೆಗೆ ಬಟ್ಟೆ ಸುತ್ತಿಕೊಂಡು, ಬಗ್ಗಿಸಿ ಸರಿಮಾಡಿದ ಟ್ಯಾಕ್ಸಿಯಲ್ಲಿ ಇವತ್ತೇ ಮೊದಲ ಸಲ ಹೊರಡುತ್ತೇನೆ ಎಂದಿದ್ದ. ಆ ಹುಣಸೆಮರದ ಹಿಂದಿನಿಂದ ಜೈಬಕ್ಕ ಬರುತ್ತಾಳೆ, ಹಿಡಿ ಕೈಗೆ ಬಂದ ಸಂತೋಷದಲ್ಲಿ ಬರುತ್ತಾಳೆ. ಮರ ಅವರಿಬ್ಬರನ್ನೂ ಒಬ್ಬರಿಗೊಬ್ಬರು ಕಾಣದಂತೆ ಮುಚ್ಚುತ್ತದೆ. ಎದ್ದು ಹೊರಟೆ, ನಾಲ್ಕು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತಲೇ ಹೋದೆ.

ಮೆಟ್ಟಿಲ ಮೇಲೆ ನಿಂತಾಗ ಪದ್ಯ ಸಿದ್ಧವೇ ಇತ್ತು. ಅದರಲ್ಲಿ ಏನನ್ನೂ ಬೇಕೆಂದು ಕೆಡಿಸಿರಲಿಲ್ಲ. ಮೇಜನ್ನು ಹೊರಗೆ ತಂದು, ಅಧ್ಯಕ್ಷರು ಪಂಚೆ ಮೇಲೆತ್ತಿ ಕಟ್ಟಿ ಎರಡು ಮಾರು ದೂರದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ಹಿಡಿ ಮೇಜಿನ ಮೇಲಿತ್ತು. ಜೈಬಕ್ಕ ಅದರ ಪಕ್ಕದಲ್ಲಿ, ಬೋರೇಶ ಎಲ್ಲರಿಗಿಂತ ಮುಂದೆ. ನಾನು ಹೇಳಿದೆ: "ಕಲ್ಲುಕಟ್ಟೆಯ ಬಾವಿ ಬಳಸುತ, ಮಲ್ಲಿಗೆಯ ಹೂದೋಟ ಹಾಯುತ..." ಅಲ್ಲಿಯವರೆಗೆ ಚೆನ್ನಾಗಿಯೇ ಬಂತು. ಅಷ್ಟರಲ್ಲಿ ಬೋರೇಶನ ಹಣೆಯ ಬಟ್ಟೆ ಕಣ್ಣಿಗೆ ಬಿತ್ತು. ಮೂರನೆಯ ಸಾಲಿಗೆ ನಾನು ಕಟ್ಟಿಟ್ಟದ್ದು ಎಲ್ಲಿ ಹೋಯಿತೋ. "ಹುಲ್ಲುಪೇಟೆಯ ನಾಲ್ಕು ದಾರಿ" ಎಂದೆ, ಬಾಯಿ ಒಣಗಿತು, "ಅಯ್ಯೋ, ನಾಲ್ಕು ದಾರಿ" ಎಂದೆ. ಮುಂದಿನ ಮೂರು ಸಾಲು ಹೇಗೋ ಬಂದವು.

ನಲವತ್ತು ಜನ ನನ್ನನ್ನೇ ನೋಡಿದರು. ಆಮೇಲೆ ಹಳಿಪದ್ಯದ ನಿಯಮಕ್ಕೆ ಭಂಗವಿಲ್ಲದಂತೆ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದರು. "ಹುಲ್ಲುಪೇಟೆಯ ನಾಲ್ಕು ದಾರಿ, ಅಯ್ಯೋ, ನಾಲ್ಕು ದಾರಿ." ಮುದ್ದಯ್ಯನೂ ಹೇಳುತ್ತ ಬಗ್ಗಿಸಿದ. ಅಯ್ಯೋ ಎನ್ನುವಲ್ಲಿ ಜಗ್ಗು ಗಾಳಿಯಲ್ಲೇ ನಿಂತಿತು. ಅವನು ಲೋಟ ನೋಡಿದ, ಅಧ್ಯಕ್ಷರನ್ನು ನೋಡಿದ, ತನ್ನ ಕಾಲಿನ ಸುತ್ತ ನೆಲವನ್ನೂ ನೋಡಿದ. ಅಧ್ಯಕ್ಷರು ಬಂದು ಆ ಕಾಫಿಯನ್ನು ಎತ್ತಿ ಕುಡಿದರು; ಹಿಡಿಯನ್ನು ಜೈಬಕ್ಕನ ಕೈಗೆ ಕೊಟ್ಟರು.

"ಪದ್ಯ ಅಷ್ಟೇನೂ ಚೆನ್ನಾಗಿಲ್ಲ" ಎಂದಳು ಜೈಬಕ್ಕ, ಹಿಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. ಇಪ್ಪತ್ತೆರಡು ವರ್ಷದ ಪರಿಚಯದಲ್ಲಿ ಅವಳು ಅಷ್ಟು ಪ್ರೀತಿಯಿಂದ ಮಾತಾಡಿದ್ದು ನಾನು ಕೇಳಿರಲಿಲ್ಲ.

ಎಂಟು ಗಂಟೆಗೆ ನಾನು ಹುಲ್ಲುಪೇಟೆಯಲ್ಲಿದ್ದೆ. ಮನೆಯಲ್ಲಿ ಕೂರಲು ಆಗಲಿಲ್ಲ. ಹಸಿರು ಟ್ಯಾಕ್ಸಿ ಸಂತೆಯ ಕಡೆಯಿಂದ ಬಂತು. ಹಿಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡ ಒಬ್ಬ ಮುದುಕಿ. ಬೋರೇಶನ ಕಂಠ ದೂರದಿಂದಲೇ ಕೇಳಿಸುತ್ತಿತ್ತು. ಬಾವಿ ಬಳಸಿದ, ತೋಟ ಹಾಯ್ದ. ಹುಣಸೆಮರ ಹತ್ತು ಮಾರು ಇರುವಾಗ ದೊಡ್ಡ ದನಿಯಲ್ಲಿ "ಅಯ್ಯೋ" ಎಂದು, ಗಾಡಿಯನ್ನು ಗಕ್ಕನೆ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ಎಡಬಲ ನೋಡಿದ. ರೈಲು ಸದ್ದಿಲ್ಲದೆ ಅವನ ಮುಂದಿನಿಂದ ಹಾದುಹೋಯಿತು. ಅದರೊಳಗಿನಿಂದಲೂ ಒಂದು "ಅಯ್ಯೋ" ಕೇಳಿಸಿತು, ಜೈಬಕ್ಕನದು.

ಮುದುಕಿ ಬುಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಮುಂದೆ ಬಾಗಿದಳು. "ಏನಾಯ್ತಪ್ಪಾ, ಯಾಕೆ ಹಾಗೆ ಕೂಗಿಕೊಂಡೆ?"

"ಏನಿಲ್ಲ ತಾಯಿ" ಎಂದು ಬೋರೇಶ ಗೇರು ಹಾಕಿದ. "ಪದ್ಯದಲ್ಲಿದೆ."